ಮೂರು ತಿಂಗಳು ಯಾರಿಗೂ ಹೇಳಬಾರದು ಎಂದರೆ ಕೆಲಸದ ಜಾಗದಲ್ಲಿ ಈ ವಾಂತಿಯನ್ನು ನಿಭಾಯಿಸುವುದು ಹೇಗೆ?

ಗಲ್ಲಾಪೆಟ್ಟಿಗೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಗದು ಕೌಂಟರ್ ನೋಡಿಕೊಳ್ಳುತ್ತೇನೆ. ಇದು ನನಗೆ ಚೊಚ್ಚಲು ಬಸುರು, ಈಗ ಎಂಟನೆಯ ವಾರ ನಡೆಯುತ್ತಿದೆ. ಹಾಸಿಗೆಯಿಂದ ಏಳುತ್ತಲೇ ಆರಂಭವಾಗುವ ಹೊಟ್ಟೆ ತೊಳಸು ಕೌಂಟರ್ ತೆರೆಯುವ ಹೊತ್ತಿಗಾದರೂ ಇಳಿಯಬಹುದೆಂದು ದಿನವೂ ಕಾಯುತ್ತೇನೆ, ಅದು ಇಳಿಯುವುದಿಲ್ಲ. ಮನೆಯಲ್ಲಿ ಒಗ್ಗರಣೆಯ ವಾಸನೆಯಿಂದ ತಪ್ಪಿಸಿಕೊಂಡು ಬಂದರೆ ಇಲ್ಲಿ ನೋಟುಗಳ ವಾಸನೆ. ಸೊಂಟದ ಗಂಟಿನಿಂದಲೋ ಎಲೆಅಡಿಕೆ ಸಂಚಿಯಿಂದಲೋ ತೆಗೆದುಕೊಡುವ ನೋಟಿನ ಕಟ್ಟು ಬೆವರಿಗೆ ಮೆತ್ತಗಾಗಿರುತ್ತದೆ. ರಬ್ಬರ್ ಬ್ಯಾಂಡ್ ಬಿಚ್ಚಿ ಎಣಿಕೆ ಯಂತ್ರಕ್ಕೆ ಹಾಕಿದೊಡನೆ ಸುಣ್ಣ, ತಂಬಾಕು, ಬೆವರು ಎಲ್ಲವೂ ಸೇರಿದ ಗಾಳಿ ನೇರವಾಗಿ ಮುಖಕ್ಕೆ ಬೀಸುತ್ತದೆ. ಆಗ ಎದ್ದು ಓಡಬೇಕೆಂದರೆ ಗಲ್ಲಾಕ್ಕೆ ಬೀಗ ಹಾಕಬೇಕು, ಸಾಲಿನಲ್ಲಿ ನಿಂತವರ ಗೊಣಗಾಟ ಕೇಳಬೇಕು, ಹಿಂದಿರುಗಿದ ಮೇಲೆ ವ್ಯವಸ್ಥಾಪಕರಿಗೆ ಉತ್ತರ ಕೊಡಬೇಕು. ಗ್ಯಾಸ್ಟ್ರಿಕ್ ಎಂದು ಎಷ್ಟು ದಿನ ಹೇಳಿಕೊಂಡು ತಿರುಗಲಿ?

ಮೂರು ತಿಂಗಳು ತುಂಬುವವರೆಗೆ ಹೊರಗೆ ಬಾಯಿ ಬಿಡಬಾರದು ಎಂಬುದು ನಮ್ಮ ಅತ್ತೆಯವರ ಕಟ್ಟಪ್ಪಣೆ. ಅವರ ಮಾತನ್ನು ಮೀರುವ ಮನಸ್ಸು ನನಗಿಲ್ಲ, ಆದರೆ ವ್ಯವಸ್ಥಾಪಕರಿಗೆ ಹೇಳದೆ ಈ ಕುರ್ಚಿಯಲ್ಲಿ ಕುಳಿತುಕೊಳ್ಳುವುದೂ ಸಾಧ್ಯವಾಗುತ್ತಿಲ್ಲ. ಕೆಲಸ ಮಾಡುತ್ತಲೇ ಈ ದಿನಗಳನ್ನು ಕಳೆದವರು ಏನು ಮಾಡಿದಿರಿ, ಯಾರಿಗೆ ಯಾವಾಗ ಹೇಳಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಕೋಟೆಬಾಗಿಲು, ಚಿತ್ರದುರ್ಗ

ತಂಗೀ, ಮೊದಲು ಹೊಟ್ಟೆಯ ಮಾತು, ಅತ್ತೆಯ ಮಾತು ಆಮೇಲೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಎರಡು ಬಸುರಿನಲ್ಲಿಯೂ ಪಾಠ ಮಾಡಿದವಳು. ಬರಿ ಹೊಟ್ಟೆಯೇ ಇದರ ದೊಡ್ಡ ಶತ್ರು. ದಾವಣಗೆರೆಯಲ್ಲಿದ್ದು ಮಂಡಕ್ಕಿಗೆ ಬರವೇ? ಒಗ್ಗರಣೆ, ಖಾರ ಏನನ್ನೂ ಹಾಕದ ಒಣ ಮಂಡಕ್ಕಿಯನ್ನು ಒಂದು ಡಬ್ಬಿಯಲ್ಲಿ ತುಂಬಿ ದಿಂಬಿನ ಪಕ್ಕದಲ್ಲಿ ಇಟ್ಟುಕೊಳ್ಳಿ. ಕಣ್ಣು ಬಿಟ್ಟ ಮೇಲೆ ಮಲಗಿದ್ದ ಹಾಗೆಯೇ ಒಂದು ಹಿಡಿ ತಿಂದು, ಕಾಲು ಗಂಟೆ ಬಿಟ್ಟು ನಿಧಾನವಾಗಿ ಏಳಿ. ಕೌಂಟರಿನ ಖಾನೆಯಲ್ಲಿಯೂ ಮಂಡಕ್ಕಿಗೆ ಸ್ವಲ್ಪ ಪುಟಾಣಿ ಬೆರೆಸಿ ಇಟ್ಟುಕೊಂಡು, ಎರಡು ಗಂಟೆಗೊಮ್ಮೆ ಬಾಯಿಗೆ ಹಾಕಿಕೊಳ್ಳಿ. ಊಟದ ಜೊತೆಯಲ್ಲಿಯೇ ಗಟಗಟನೆ ನೀರು ಕುಡಿಯಬೇಡಿ. ನೀರನ್ನು ಊಟಕ್ಕೆ ಮೊದಲು ಅಥವಾ ಸ್ವಲ್ಪ ಹೊತ್ತಿನ ನಂತರ ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿ ಅಡುಗೆಗಿಂತ ಆರಿದ ಅಡುಗೆಯ ವಾಸನೆ ಕಡಿಮೆ, ಆದ್ದರಿಂದ ಮೊಸರನ್ನ, ತಣ್ಣಗಿನ ರೊಟ್ಟಿ ನನಗೆ ಹಿಡಿಸುತ್ತಿದ್ದವು. ಕರ್ಚೀಫಿನಲ್ಲಿ ನಿಂಬೆಹಣ್ಣಿನ ಒಂದು ಹೋಳು ಇಟ್ಟುಕೊಂಡು ನೋಟು ಎಣಿಸುವಾಗ ಮೂಗಿನ ಹತ್ತಿರ ಹಿಡಿಯಿರಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಭಟ್ಟಿಬೀದಿ, ದಾವಣಗೆರೆ

ಮಂಡಕ್ಕಿ ತಿಂದರೆ ವಾಂತಿ ನಿಲ್ಲುತ್ತದೆ ಎನ್ನುವವರು ಒಮ್ಮೆ ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲಿ ಬಸುರಿಯಾಗಿ ವಾಸ ಮಾಡಿ ನೋಡಬೇಕು. ಆ ಹೊಗೆಗೆ ನಾನು ತಿಂದ ಮಂಡಕ್ಕಿಯೂ ಹೊರಗೆ ಬರುತ್ತಿತ್ತು.

ಎಣ್ಣೆಗಾಣ, ಚಳ್ಳಕೆರೆ

ಭಟ್ಟಿಯ ಹೊಗೆಗೆ ಇಷ್ಟಾದರೆ ನಮ್ಮ ಊರಿನ ಶೇಂಗಾ ಎಣ್ಣೆ ಮಿಲ್ಲುಗಳ ವಾಸನೆಗೆ ಏನು ಹೇಳುತ್ತೀರಿ? ಹುಟ್ಟಿದಾಗಿನಿಂದ ಗಮನಕ್ಕೇ ಬಾರದಿದ್ದ ಹಿಂಡಿಯ ವಾಸನೆ ಬಸುರಿಯಾದ ಮೇಲೆ ಬಸ್ ನಿಲ್ದಾಣದವರೆಗೂ ನನ್ನನ್ನು ಅಟ್ಟಿಸಿಕೊಂಡು ಬರುತ್ತಿತ್ತು.

ನಿವೃತ್ತ ದಾದಿ, ಹೊಸದುರ್ಗ

ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ವಾಸನೆಯ ಪೈಪೋಟಿಯನ್ನು ಪಕ್ಕಕ್ಕಿಟ್ಟು ಕೆಲವು ಮಾತುಗಳನ್ನು ಕೇಳಿಸಿಕೊಳ್ಳಿ. ಹತ್ತು ಬಸುರಿಯರಲ್ಲಿ ಏಳೆಂಟು ಮಂದಿಗೆ ವಾಕರಿಕೆ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಆರನೆಯ ವಾರದ ಆಸುಪಾಸಿನಲ್ಲಿ ಆರಂಭವಾಗಿ, ಒಂಬತ್ತನೆಯ ವಾರದ ಸುಮಾರಿಗೆ ಏರಿ, 12ರಿಂದ 14ನೆಯ ವಾರದ ನಂತರ ಇಳಿಯುತ್ತದೆ. ಕೆಲವರಿಗೆ 20ನೆಯ ವಾರದವರೆಗೂ ಎಳೆಯುತ್ತದೆ. ಹಾಗಾಗಿ, ಮಗಳೇ, ನಿನಗೆ ಇನ್ನೊಂದೆರಡು ವಾರ ಇದಕ್ಕಿಂತ ಕಷ್ಟವಾದರೂ ಆಗಬಹುದು ಎಂಬುದನ್ನು ಈಗಲೇ ತಿಳಿದುಕೊಂಡಿರು.

ಯಾವಾಗ ಮನೆಮದ್ದನ್ನು ಬಿಟ್ಟು ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಇಲ್ಲಿ ಯಾರೂ ಬರೆಯಲಿಲ್ಲ. ಒಂದು ಹಗಲು ಒಂದು ರಾತ್ರಿ ಕುಡಿದ ನೀರೂ ನಿಲ್ಲದಿದ್ದರೆ, ಏಳೆಂಟು ಗಂಟೆಯಾದರೂ ಮೂತ್ರ ಬಾರದಿದ್ದರೆ ಅಥವಾ ಕಡು ಹಳದಿಯಾಗಿ ಬಂದರೆ, ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿದರೆ, ವಾಂತಿಯಲ್ಲಿ ರಕ್ತ ಕಂಡರೆ ಕಾಯಬಾರದು. ಬಸುರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದಿದ್ದರೆ, ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋ ಕಳೆದುಕೊಂಡಿದ್ದರೆ, ಅದು ಸಾಮಾನ್ಯ ವಾಕರಿಕೆಯಲ್ಲ, ಡ್ರಿಪ್ ಹಾಕಬೇಕಾಗಬಹುದು. ಆಹಾರ ಸಾಲದೆ ದೇಹ ತನ್ನ ಕೊಬ್ಬನ್ನೇ ಕರಗಿಸುವಾಗ ಮೂತ್ರದಲ್ಲಿ ಕೀಟೋನ್ ಎಂಬ ಅಂಶ ಬರುತ್ತದೆ, ಅದರ ಪರೀಕ್ಷೆಯನ್ನು ಯಾವ ಪ್ರಯೋಗಾಲಯದಲ್ಲಿಯೂ ಮಾಡುತ್ತಾರೆ. ಜ್ವರ, ಉರಿಮೂತ್ರ, ಹೊಟ್ಟೆನೋವು ಜೊತೆಗಿದ್ದರೆ ಬೇರೆ ಕಾರಣ ಹುಡುಕಬೇಕು. ಅವಳಿ ಮಕ್ಕಳಿದ್ದಾಗ, ಥೈರಾಯ್ಡ್ ತೊಂದರೆ ಇದ್ದಾಗ ವಾಂತಿ ಹೆಚ್ಚಾಗುವುದುಂಟು, ಸ್ಕ್ಯಾನ್ ಮಾಡಿಸಿದ್ದೀಯಾ?

ಹಳೆಯ ಮನೆ, ಹರಿಹರ

ನಮ್ಮ ಕಾಲದಲ್ಲಿ ಆರು ಹೆತ್ತವರೂ ಹೊಲಕ್ಕೆ ಹೋಗುತ್ತಿದ್ದರು, ಇಷ್ಟೊಂದು ರಂಪ ಇರಲಿಲ್ಲ. ಈಗಿನವರು ಮನಸ್ಸಿಗೆ ಹಚ್ಚಿಕೊಳ್ಳುವುದು ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಮನಸ್ಸು ಗಟ್ಟಿ ಇದ್ದರೆ ಹೊಟ್ಟೆಯೂ ಗಟ್ಟಿ.

ಸೂಕ್ಷ್ಮದರ್ಶಕ, ದಾವಣಗೆರೆ

ಹಿರಿಯರೇ, ನಿಮ್ಮ ಮೇಲೆ ಗೌರವವಿದೆ, ಆದರೆ ಈ ಮಾತನ್ನು ಒಪ್ಪಲಾಗದು. ನಾನು ಪ್ರಯೋಗಾಲಯ ತಂತ್ರಜ್ಞೆ. ಗರ್ಭದಲ್ಲಿ ಕಸ, ಅಂದರೆ ಜರಾಯು, ಬೆಳೆಯುತ್ತಿದ್ದಂತೆ ಅದರಿಂದ ಜಿಡಿಎಫ್ 15 ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಸೇರುತ್ತದೆ ಮತ್ತು ಮೆದುಳಿನಲ್ಲಿ ವಾಂತಿಯನ್ನು ನಿಯಂತ್ರಿಸುವ ಭಾಗದ ಮೇಲೆ ಕೆಲಸ ಮಾಡುತ್ತದೆ. 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಬಸುರಿಗೆ ಮುಂಚೆ ಯಾರ ರಕ್ತದಲ್ಲಿ ಈ ಹಾರ್ಮೋನು ಕಡಿಮೆ ಇತ್ತೋ ಅಂಥವರ ದೇಹ ಅದರ ಏರಿಕೆಗೆ ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸುತ್ತದೆ. ಒಬ್ಬಳು ನಗುತ್ತಾ ಹೊಲಕ್ಕೆ ಹೋಗುವುದಕ್ಕೂ ಇನ್ನೊಬ್ಬಳು ಹಾಸಿಗೆ ಹಿಡಿಯುವುದಕ್ಕೂ ಮನೋಬಲ ಕಾರಣವಲ್ಲ. ಹೊಲಕ್ಕೆ ಹೋದ ಆ ಆರು ಹೆತ್ತವರು ಬದುವಿನ ಮರೆಯಲ್ಲಿ ವಾಂತಿ ಮಾಡಿಕೊಂಡು ಬಂದು ಮತ್ತೆ ಕಳೆ ಕಿತ್ತಿರಲಿಲ್ಲ ಎಂದು ನಿಮಗೆ ಯಾರು ಹೇಳಿದರು?

ಹಳೆಯ ಮನೆ, ಹರಿಹರ

ಕೇಳಿದವರು ಯಾರೂ ಇರಲಿಲ್ಲ, ಅದು ನಿಜ.

ಕೆಂಪುಬಸ್ಸು, ಚಿತ್ರದುರ್ಗ

ದಿನವೂ ಚಿತ್ರದುರ್ಗದಿಂದ ದಾವಣಗೆರೆಗೆ ಹೋಗಿಬರುವವರ ಗತಿಯನ್ನೂ ಸ್ವಲ್ಪ ಕೇಳಿ. ಸುಮಾರು 60 ಕಿಲೋಮೀಟರಿನ ದಾರಿ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಹಣ ಉಳಿಯಿತು, ಸೀಟು ಮಾತ್ರ ಉಳಿಯಲಿಲ್ಲ. ಹೊಟ್ಟೆ ಕಾಣಿಸುವ ಬಸುರಿಗೆ ಯಾರಾದರೂ ಎದ್ದು ಜಾಗ ಕೊಡುತ್ತಾರೆ; ಎರಡನೆಯ ತಿಂಗಳ ಬಸುರಿಯನ್ನು ನೋಡಿ ಯಾರೂ ಏಳುವುದಿಲ್ಲ. ನಾನು ಕೊನೆಗೆ ನಾಚಿಕೆ ಬಿಟ್ಟು ನಿರ್ವಾಹಕರ ಕಿವಿಯಲ್ಲಿ ವಿಷಯ ಹೇಳಿದೆ. ಮರುದಿನದಿಂದ ಆ ಪುಣ್ಯಾತ್ಮರು ಮುಂದಿನ ಬಾಗಿಲ ಹತ್ತಿರದ ಕಿಟಕಿ ಸೀಟನ್ನು ನನಗೆ ಬಿಡಿಸಿಕೊಡುತ್ತಿದ್ದರು. ನನ್ನ ತಾಯಿಗೆ ಹೇಳುವ ಮೊದಲೇ ಬಸ್ ನಿರ್ವಾಹಕರಿಗೆ ಹೇಳಿದ್ದೆ ಎಂದು ಮನೆಯಲ್ಲಿ ಈಗಲೂ ಹಾಸ್ಯ ಮಾಡುತ್ತಾರೆ. ಚಕ್ರದ ಮೇಲಿನ ಸೀಟು ಬೇಡ, ಮೊಬೈಲ್ ನೋಡಬೇಡಿ, ಪ್ಲಾಸ್ಟಿಕ್ ಚೀಲ ಕೈಯಲ್ಲಿಯೇ ಇರಲಿ.

ಕೋಟೆಬಾಗಿಲು, ಚಿತ್ರದುರ್ಗ

ಇದೇ ನಾನು ಹೇಳಬೇಕೆಂದಿದ್ದ ಮಾತು. ಅತ್ಯಂತ ಕಷ್ಟದ ವಾರಗಳು ಯಾವುವೋ ಅವೇ ವಾರಗಳಲ್ಲಿ ನಾವು ಬಾಯಿ ಮುಚ್ಚಿಕೊಂಡಿರಬೇಕು. ಐದನೆಯ ತಿಂಗಳಲ್ಲಿ ಹೊಟ್ಟೆ ತಣ್ಣಗಾದ ಮೇಲೆ ಊರೆಲ್ಲಾ ಬಂದು ಏನು ತಿನ್ನುತ್ತೀಯಾ ಎಂದು ಕೇಳುತ್ತದೆ.

ಅಜ್ಜಿಮಾತು, ಜಗಳೂರು

ನೀವೆಲ್ಲ ಆ ಸಂಪ್ರದಾಯವನ್ನು ಮೂಢನಂಬಿಕೆ ಎಂಬ ಧಾಟಿಯಲ್ಲಿ ಮಾತನಾಡುತ್ತಿದ್ದೀರಿ, ಅದಕ್ಕೆ ನನ್ನ ಆಕ್ಷೇಪವಿದೆ. ಗರ್ಭಪಾತಗಳಲ್ಲಿ ಬಹುಪಾಲು ಆಗುವುದು ಮೊದಲ 12 ವಾರಗಳಲ್ಲಿಯೇ. ಇಡೀ ಕಚೇರಿಗೆ ಸಿಹಿ ಹಂಚಿ, ಆಮೇಲೆ ಒಬ್ಬೊಬ್ಬರಿಗೂ 'ಹೋಯಿತು' ಎಂದು ಹೇಳುತ್ತಾ ತಿರುಗುವ ನೋವು ಎಂಥದ್ದು ಎಂಬುದನ್ನು ನನ್ನ ಸೊಸೆ ಅನುಭವಿಸಿದ್ದಾಳೆ. ಎರಡನೆಯ ಬಾರಿ ನಾನೇ ಅವಳಿಗೆ ಯಾರಿಗೂ ಹೇಳಬೇಡ ಎಂದೆ. ದೃಷ್ಟಿಯಾಗುತ್ತದೆ ಎಂದು ಹೇಳಿದೆನಾದರೂ ನನ್ನ ಮನಸ್ಸಿನಲ್ಲಿದ್ದದ್ದು ಅದಲ್ಲ. ಗಲ್ಲಾಪೆಟ್ಟಿಗೆಯವರ ಅತ್ತೆಯನ್ನು ಇಲ್ಲಿ ಖಳನಾಯಕಿಯನ್ನಾಗಿ ಮಾಡುವ ಅಗತ್ಯವಿಲ್ಲ.

ಕೋಟೆಬಾಗಿಲು, ಚಿತ್ರದುರ್ಗ

ಅಮ್ಮಾ, ಖಳನಾಯಕಿ ಎಂದು ಯಾರೂ ಹೇಳಲಿಲ್ಲ. ನಿಮ್ಮ ಮಾತಿನಲ್ಲಿ ತೂಕವಿದೆ. ಆದರೆ ಊರಿಗೆಲ್ಲಾ ಹೇಳುವುದು ಬೇರೆ, ಕೆಲಸ ಹಂಚಿಕೊಡುವ ಒಬ್ಬರಿಗೆ ಹೇಳುವುದು ಬೇರೆ. ದುರದೃಷ್ಟವಶಾತ್ ಏನಾದರೂ ಆದರೆ ಆಗಲೂ ರಜೆ ಬೇಕಾಗುತ್ತದೆ, ಆಗಲೂ ಆ ಒಬ್ಬರಿಗೆ ತಿಳಿದಿರಬೇಕಾಗುತ್ತದೆ. ಏನೂ ಹೇಳದೆ ಇದ್ದವಳು ಆ ದಿನವೂ ಗ್ಯಾಸ್ಟ್ರಿಕ್ ಎಂದೇ ಹೇಳಬೇಕೇ?

ಅಜ್ಜಿಮಾತು, ಜಗಳೂರು

ಒಬ್ಬರಿಗೆ ಎಂದರೆ ಒಪ್ಪುತ್ತೇನೆ. ಆ ಒಬ್ಬರ ಬಾಯಿ ಹೇಗಿದೆ ಎಂದು ನೋಡಿಕೊಂಡು ಹೇಳಲಿ.

ನಿಂಬೆಹುಳಿ, ಹಿರಿಯೂರು

ಇಷ್ಟು ವಾಂತಿ ಇದ್ದರೆ ಹೆಣ್ಣುಮಗುವೇ, ನಿಸ್ಸಂಶಯ.

ನಿವೃತ್ತ ದಾದಿ, ಹೊಸದುರ್ಗ

ನನ್ನ ಸೇವಾವಧಿಯಲ್ಲಿ ಈ ಮಾತನ್ನು ಕೇಳದ ವಾರವಿಲ್ಲ, ಅದು ಸುಳ್ಳಾಗದ ವಾರವೂ ಇಲ್ಲ. ವಾಂತಿಯನ್ನು ನೋಡಿ ಮಗು ಯಾವುದೆಂದು ಹೇಳಲು ಆಗುವುದಿಲ್ಲ. ಈ ಚರ್ಚೆಯನ್ನು ಇಲ್ಲಿಗೇ ಬಿಡಿ.

ಔಷಧದಂಗಡಿ, ದಾವಣಗೆರೆ

ಮಾತ್ರೆಯ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವೆಂದು ಬರೆಯುತ್ತಿದ್ದೇನೆ. ವೈದ್ಯರು ಬರೆದುಕೊಟ್ಟ ಚೀಟಿ ತಂದು, ಮಾತ್ರೆ ಕೊಂಡು, ಮನೆಯವರು ಬೇಡವೆಂದರು ಎಂದು ಮರುದಿನ ಹಿಂದಿರುಗಿಸಲು ಬರುವವರನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಈ ಭಯಕ್ಕೆ ಒಂದು ಹಿನ್ನೆಲೆಯಿದೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ಔಷಧವನ್ನು ಬಸುರಿಯರು ವಾಕರಿಕೆಗೆಂದು ನುಂಗಿ, ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದರು; 1961ರ ಕೊನೆಯಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಂಡರು. ಆ ಕರಿನೆರಳು ಇಂದಿಗೂ ಎಲ್ಲ ಮಾತ್ರೆಗಳ ಮೇಲೆ ಬೀಳುತ್ತಿದೆ.

ಈಗ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದು ಡಾಕ್ಸಿಲಮೈನ್ ಮತ್ತು ಬಿ6 ಜೀವಸತ್ವ ಸೇರಿದ ಮಾತ್ರೆಯನ್ನು. ಅದಕ್ಕೂ ಥಾಲಿಡೋಮೈಡಿಗೂ ಯಾವ ಸಂಬಂಧವೂ ಇಲ್ಲ. ಇದೇ ಎರಡು ಔಷಧಗಳು ಕೂಡಿದ್ದ ಮಾತ್ರೆಯನ್ನು ಅಮೆರಿಕದಲ್ಲಿ ಮೊಕದ್ದಮೆಗಳ ಕಾಟಕ್ಕೆ ಬೇಸತ್ತು ಕಂಪನಿಯೇ 1983ರಲ್ಲಿ ನಿಲ್ಲಿಸಿತ್ತು. ಅದರಿಂದ ಮಕ್ಕಳಿಗೆ ಊನ ಉಂಟಾಗುತ್ತದೆಂದು ಅಧ್ಯಯನಗಳಲ್ಲಿ ಕಂಡುಬರಲಿಲ್ಲ, 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಅನುಮತಿ ಕೊಟ್ಟಿತು. ಇದರಿಂದ ತೂಕಡಿಕೆ ಬರುತ್ತದೆ ಎಂಬುದು ನಿಜ, ನಗದು ಎಣಿಸುವವರಿಗೆ ಅದು ಸಣ್ಣ ವಿಷಯವಲ್ಲ. ರಾತ್ರಿ ಮಲಗುವಾಗ ನುಂಗಿದರೆ ಬೆಳಗಿನ ಹೊತ್ತಿಗೆ ಕೆಲಸ ಮಾಡುವಂತೆ ಕೆಲವು ಮಾತ್ರೆಗಳನ್ನು ತಯಾರಿಸಿರುತ್ತಾರೆ, ಆದ್ದರಿಂದ ಯಾವ ಹೊತ್ತಿಗೆ ಎಷ್ಟು ಎಂದು ವೈದ್ಯರನ್ನೇ ಕೇಳಿ. ನಮ್ಮಂಥ ಅಂಗಡಿಯವರನ್ನು ಕೇಳಿ ತೆಗೆದುಕೊಳ್ಳಬೇಡಿ.

ನಿವೃತ್ತ ದಾದಿ, ಹೊಸದುರ್ಗ

ಇದಕ್ಕೆ ಒಂದು ಸೇರಿಕೆ. ಕಬ್ಬಿಣದ ಮಾತ್ರೆ ಹಲವರಿಗೆ ವಾಕರಿಕೆಯನ್ನು ಹೆಚ್ಚಿಸುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿಯೂ ಅದನ್ನು ಕೊಡಲಾರಂಭಿಸುವುದು ಮೂರು ತಿಂಗಳು ಕಳೆದ ಮೇಲೆಯೇ. ಅಲ್ಲಿಯವರೆಗೆ ಫೋಲಿಕ್ ಆಮ್ಲ ಮುಖ್ಯ, ಅದನ್ನು ಮಾತ್ರ ಬಿಡಬೇಡಿ. ಈಗಾಗಲೇ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಿ. ವಾಂತಿಯಾದ ತಕ್ಷಣ ಹಲ್ಲುಜ್ಜಬೇಡಿ, ಹೊಟ್ಟೆಯ ಆಮ್ಲಕ್ಕೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ನೀರಿನಿಂದ ಚೆನ್ನಾಗಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಡಿ.

ಟೈಗಂಟು, ದಾವಣಗೆರೆ

ಕೇಳಲು ಸಂಕೋಚವಾಗುತ್ತಿದೆ, ಆದರೂ ಕೇಳುತ್ತೇನೆ. ನನ್ನ ಹೆಂಡತಿ ಖಾಸಗಿ ಶಾಲೆಯಲ್ಲಿ ಕೆಲಸ ಮಾಡುತ್ತಾಳೆ, ಅವಳದೂ ಇದೇ ಸ್ಥಿತಿ. ಗಂಡಸರಾದ ನಾವು ಏನು ಮಾಡಬಹುದು?

ಎಣ್ಣೆಗಾಣ, ಚಳ್ಳಕೆರೆ

ಅಣ್ಣಾ, ಒಗ್ಗರಣೆ ನೀವು ಹಾಕಿ. ಅವಳು ಎದ್ದು ಹೊರಡುವ ಹೊತ್ತಿಗೆ ಅಡುಗೆಮನೆಯ ಕಿಟಕಿ ತೆರೆದಿರಲಿ, ಈರುಳ್ಳಿ ಬೆಳ್ಳುಳ್ಳಿಯ ಸಿಪ್ಪೆ ಹೊರಗೆ ಹೋಗಿರಲಿ. ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದು 'ಇದನ್ನಾದರೂ ತಿನ್ನು' ಎನ್ನಬೇಡಿ, ಆ ಬೆಣ್ಣೆಯ ಘಮಕ್ಕೆ ನಾನು ಗಂಡನನ್ನೇ ಹೊರಗೆ ಕಳುಹಿಸಿದ್ದೆ. ಪರಿಮಳದ ಪೌಡರ್, ಸೆಂಟು ಮೂರು ತಿಂಗಳು ಬಿಡಿ.

ಕರಾರುಪತ್ರ, ದಾವಣಗೆರೆ

ಗಲ್ಲಾಪೆಟ್ಟಿಗೆಯವರೇ, ನೀವು ಸುಮ್ಮನೆ ಹೆದರುತ್ತಿದ್ದೀರಿ. ಬಸುರಿಯಾದ ಉದ್ಯೋಗಿಗೆ ಹಗುರವಾದ ಕೆಲಸ ಕೊಡಲೇಬೇಕೆಂದು ಕಾನೂನಿದೆ. ಒಂದು ಅರ್ಜಿ ಬರೆದು ಕೌಂಟರ್ ಬದಲಾಯಿಸಿಕೊಡಿ ಎಂದು ಕೇಳಿ, ಅವರು ಇಲ್ಲವೆನ್ನುವಂತಿಲ್ಲ.

ಕಟಕಟೆ, ಚಿತ್ರದುರ್ಗ

ಹಾಗೆ ಬರೆದು ಅವರನ್ನು ತೊಂದರೆಗೆ ಸಿಲುಕಿಸಬೇಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಶ್ರಮದ ಕೆಲಸದಿಂದ ವಿನಾಯಿತಿ ಕೇಳುವ ಹಕ್ಕು ಇದ್ದದ್ದು ಹೆರಿಗೆಗೆ ಸಮೀಪದ ಅವಧಿಗೆ, ಎರಡನೆಯ ತಿಂಗಳಿಗಲ್ಲ. ಈಗ ಅವರ ಉಪಯೋಗಕ್ಕೆ ಬರುವುದು ಬೇರೊಂದು ಅಂಶ: ಗರ್ಭಧಾರಣೆಯಿಂದ ಉಂಟಾದ ಅನಾರೋಗ್ಯಕ್ಕೆ ವೈದ್ಯಕೀಯ ದಾಖಲೆ ಒದಗಿಸಿದರೆ, 26 ವಾರಗಳ ಹೆರಿಗೆ ರಜೆಯ ಹೊರತಾಗಿ, ಗರಿಷ್ಠ ಒಂದು ತಿಂಗಳ ವೇತನಸಹಿತ ರಜೆ ಸಿಗುತ್ತದೆ. ಅದು 1961ರ ಕಾಯ್ದೆಯ 10ನೆಯ ಕಲಮಿನಲ್ಲಿತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಬದಲಿಗೆ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದೇ ಸೌಲಭ್ಯವನ್ನು ಉಳಿಸಿಕೊಳ್ಳಲಾಗಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ ಮತ್ತು ಸಂಸ್ಥೆಗಳಿಗೆ ಇದು ಅನ್ವಯವಾಗುತ್ತದೆ. ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಇದೇ ಬಗೆಯ ಹೆಚ್ಚುವರಿ ಒಂದು ತಿಂಗಳ ಸೌಲಭ್ಯ ಆ ಕಚೇರಿಯಿಂದ ಬರುತ್ತದೆ. ಕೌಂಟರ್ ಬದಲಾವಣೆ ಮಾತ್ರ ಮಾತಿನಲ್ಲಿ ಕೇಳಿ ಪಡೆಯಬೇಕಾದದ್ದು.

ಕರಾರುಪತ್ರ, ದಾವಣಗೆರೆ

ಸರಿ, ತಿದ್ದಿದ್ದಕ್ಕೆ ಧನ್ಯವಾದ. ಆದರೆ ಬಸುರಿ ಎಂದು ತಿಳಿದೊಡನೆ ಏನಾದರೊಂದು ನೆಪ ಹೇಳಿ ಕೆಲಸದಿಂದ ತೆಗೆಯುವವರೂ ಇದ್ದಾರೆ, ಅದಕ್ಕೇನು ಮಾಡುವುದು?

ಕಟಕಟೆ, ಚಿತ್ರದುರ್ಗ

ಗಂಭೀರ ದುರ್ನಡತೆ ಸಾಬೀತಾದ ಪ್ರಕರಣಗಳನ್ನು ಬಿಟ್ಟರೆ, ಗರ್ಭಿಣಿಯಾಗಿರುವಾಗ ಕೆಲಸದಿಂದ ತೆಗೆದರೂ ಹೆರಿಗೆ ಸೌಲಭ್ಯದ ಹಣ ತಪ್ಪಿಸುವಂತಿಲ್ಲ. ಆದರೆ ಮಾಲೀಕರಿಗೆ ವಿಷಯ ಗೊತ್ತಿತ್ತು ಎಂಬುದಕ್ಕೆ ನಮ್ಮಲ್ಲಿ ಕಾಗದ ಇರಬೇಕು. ಹೇಳದೆ ಮುಚ್ಚಿಡುವುದರ ಇನ್ನೊಂದು ನಷ್ಟ ಇದೇ.

ಕಳೆಗುದ್ದಲಿ, ಹೊಳಲ್ಕೆರೆ

ನೀವೆಲ್ಲ ರಜೆ, ಅರ್ಜಿ, ಕೌಂಟರ್ ಎನ್ನುತ್ತಿದ್ದೀರಿ. ನನ್ನ ತಂಗಿ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಾಳೆ. ಅಡಿಕೆ ಬೇಯಿಸುವ ಹಂಡೆಯ ಹಬೆ ಬಡಿದರೆ ಅವಳಿಗೆ ಕರುಳು ಕಿತ್ತುಬರುತ್ತದೆ, ಸುಲಿದಷ್ಟಕ್ಕೆ ಮಾತ್ರ ಕೂಲಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಬಿಸಿಯೂಟ ಇದೆ ಎನ್ನುತ್ತಾರೆ. ಕೂಲಿ ಬಿಟ್ಟು ಅಲ್ಲಿಗೆ ಹೋಗಬೇಕು, ಹೋದರೆ ಬಿಸಿ ಸಾಂಬಾರಿನ ವಾಸನೆಗೆ ತಿನ್ನಲಾಗುವುದಿಲ್ಲ. ಅವಳು ಯಾರಿಗೆ ಅರ್ಜಿ ಕೊಡಬೇಕು?

ನಿವೃತ್ತ ದಾದಿ, ಹೊಸದುರ್ಗ

ನಿಮ್ಮ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ ತಮ್ಮಾ. ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸಿ. 12 ವಾರದೊಳಗೆ ಹೆಸರು ನೋಂದಾಯಿಸುವುದು ಒಳ್ಳೆಯದು, ಅಲ್ಲಿ ಗುಟ್ಟು ಮಾಡಬೇಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಾಂತಿಗೆ ಮಾತ್ರೆ, ಓಆರ್‌ಎಸ್ ಪೊಟ್ಟಣ ಕೇಳಿ ಪಡೆಯಿರಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಕಲಸಿ, ಕೆಲಸದ ಜಾಗದಲ್ಲಿ ಚಮಚ ಚಮಚವಾಗಿ ದಿನವಿಡೀ ಕುಡಿಯಲಿ. ಸುಲಿಯುವ ಜಾಗವನ್ನು ಹಂಡೆಯಿಂದ ದೂರಕ್ಕೆ ಹಾಕಿಕೊಡುವಂತೆ ಮೇಸ್ತ್ರಿಗೆ ಹೇಳಿಸಿ. ಅವಳಿಗೂ ಹೇಳಲು ಒಬ್ಬರು ಬೇಕು, ಬ್ಯಾಂಕಿನವಳಿಗೆ ಬೇಕಾದಂತೆಯೇ.

ಗಲ್ಲಾಪೆಟ್ಟಿಗೆ, ದಾವಣಗೆರೆ

ಇಷ್ಟೊಂದು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ಸ್ಕ್ಯಾನ್ ಆಗಿದೆ, ಒಂದೇ ಮಗು, ಹೃದಯ ಬಡಿತ ಕಂಡಿದೆ. ಥೈರಾಯ್ಡ್ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಒಣ ಮಂಡಕ್ಕಿಯಿಂದ ಬೆಳಗಿನ ಹೊತ್ತು ಸ್ವಲ್ಪ ಹಗುರವಾಗಿದೆ. ನಿಂಬೆಹಣ್ಣು ಮಾತ್ರ ನನಗೆ ಒಗ್ಗಲಿಲ್ಲ, ಅದರ ಬದಲು ಒಣ ಶುಂಠಿಯ ಚೂರು ಬಾಯಲ್ಲಿ ಇಟ್ಟುಕೊಳ್ಳುತ್ತೇನೆ. ವ್ಯವಸ್ಥಾಪಕರು ಗಂಡಸರು, ಅವರಿಗೆ ನೇರವಾಗಿ ಹೇಳಲು ಮುಜುಗರವಾಯಿತು. ನಮ್ಮ ಲೆಕ್ಕಿಗರು ಹಿರಿಯ ಹೆಂಗಸು, ಅವರ ಬಳಿ ಹೇಳಿದೆ. ಅವರು ಆಶ್ಚರ್ಯಪಡಲೇ ಇಲ್ಲ. 'ನೋಟು ಎಣಿಸುವಾಗ ಮುಖ ತಿರುಗಿಸುತ್ತಿದ್ದೆಯಲ್ಲ, ಆಗಲೇ ಗೊತ್ತಾಯಿತು ಬಿಡು' ಎಂದರು. ಬೆಳಿಗ್ಗೆ ಹನ್ನೊಂದರವರೆಗೆ ಅವರು ನಗದು ನೋಡಿಕೊಳ್ಳುವುದು, ನಾನು ಅವರ ಪಾಸ್‌ಪುಸ್ತಕಗಳನ್ನು ಬರೆಯುವುದು ಎಂದು ನಾವಿಬ್ಬರೇ ಮಾತನಾಡಿಕೊಂಡಿದ್ದೇವೆ. ವ್ಯವಸ್ಥಾಪಕರಿಗೂ ತಿಳಿಸಲೇಬೇಕು ಎನ್ನುತ್ತಿದ್ದಾರೆ, ಏಕೆಂದರೆ ನಗದಿನಲ್ಲಿ ವ್ಯತ್ಯಾಸ ಬಂದರೆ ಸಹಿ ಯಾರದು ಎಂಬ ಪ್ರಶ್ನೆ ಏಳುತ್ತದೆ. ಅತ್ತೆಯವರಿಗೆ ಇನ್ನೂ ಇದನ್ನು ಹೇಳಿಲ್ಲ.

ಅಜ್ಜಿಮಾತು, ಜಗಳೂರು

ಅತ್ತೆಗೆ ಮುಚ್ಚಿಡಬೇಡ ತಾಯಿ. ಕಚೇರಿಯಲ್ಲಿ ಹೇಳಿದೆ ಎನ್ನುವ ಬದಲು, ತಲೆಸುತ್ತಿ ಹಣ ತಪ್ಪಿದರೆ ಸಂಬಳದಲ್ಲಿ ಕಳೆಯುತ್ತಾರೆ ಎಂದು ಹೇಳಿ ನೋಡು. ಮೊದಲು ಹೋಗಿ ಕಚೇರಿಯಲ್ಲಿ ಹೇಳು ಎಂದು ಅವರೇ ಎನ್ನುತ್ತಾರೆ.

ಕಟಕಟೆ, ಚಿತ್ರದುರ್ಗ

ಲೆಕ್ಕಿಗರು ಹೇಳಿದ್ದು ಸರಿ, ನಗದಿನ ಹೊಣೆಯನ್ನು ಬಾಯಿಮಾತಿನಲ್ಲಿ ಬದಲಾಯಿಸಿಕೊಳ್ಳಬೇಡಿ. ವೈದ್ಯರ ಪ್ರಮಾಣಪತ್ರದಲ್ಲಿ ಬರೀ 'ವಾಂತಿ' ಅಥವಾ 'ವಿಶ್ರಾಂತಿ ಬೇಕು' ಎಂದಿದ್ದರೆ ಅದನ್ನು ಸಾಮಾನ್ಯ ಕಾಯಿಲೆಯ ರಜೆಗೆ ಸೇರಿಸಿಬಿಡುತ್ತಾರೆ. 'ಗರ್ಭಧಾರಣೆಯಿಂದ ಉಂಟಾದ ಅನಾರೋಗ್ಯ' ಎಂದು ಸ್ಪಷ್ಟವಾಗಿ ಬರೆಸಿ, ಹೆರಿಗೆಯ ನಿರೀಕ್ಷಿತ ದಿನಾಂಕವನ್ನೂ ಹಾಕಿಸಿ. ಎರಡು ಪ್ರತಿ ಮಾಡಿ, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಈಗಲೇ ರಜೆ ತೆಗೆದುಕೊಳ್ಳದಿದ್ದರೂ ಆ ಕಾಗದ ಇರಲಿ.